ಖರೀದಿದಾರ ಕಂಪನಿ ಸುಸ್ಥಿರತೆಯ ಫಾರ್ಮ್ ಕಳಿಸಿದೆ, ಈಗೇನು? ಕರಾವಳಿಯ ಸಣ್ಣ ಘಟಕಗಳಿಗೆ ಸಮಗ್ರ ಮಾರ್ಗದರ್ಶಿ

ಮಾರ್ಚ್ ಮುಗಿಯುವ ಹೊತ್ತಿಗೆ ಅಂಕೋಲಾ ಕಡೆಯ ಮಾಲೀಕರೊಬ್ಬರು ಫೋನ್ ಮಾಡಿದರು. ಮೀನು ಕತ್ತರಿಸಿ, ಫ್ರೀಜ್ ಮಾಡಿ ದೊಡ್ಡ ಕಂಪನಿಗಳಿಗೆ ಕೊಡುವವರು. ಅವರ ಲೆಕ್ಕಪತ್ರ ನೋಡುವವನು ನಾನು.

"ಮಾರಾಯ್ರೆ, ಪಾರ್ಟಿಯವರು ಒಂದು ಎಕ್ಸೆಲ್ ಕಳಿಸಿದ್ದಾರೆ. ಸ್ಕೋಪ್ ಒನ್ ಅಂತೆ, ಸ್ಕೋಪ್ ಟೂ ಅಂತೆ. ನಾವು ಬಂಗಡೆ ಮಾರೋದಾ, ಹೊಗೆ ಮಾರೋದಾ?"

ಅವತ್ತು ನಾನೂ ನಕ್ಕೆ. ಒಂದು ಮಧ್ಯಾಹ್ನ ಕೂತು, ಗೊತ್ತಿದ್ದದ್ದನ್ನು ತುಂಬಿ, ಗೊತ್ತಿಲ್ಲದ ಕಡೆ ಸೊನ್ನೆ ಹಾಕಿ ಕಳಿಸಿಬಿಟ್ಟೆ. ಹದಿನೈದು ದಿನಕ್ಕೆ ಫೈಲ್ ವಾಪಸ್ ಬಂತು. ಸೊನ್ನೆಗಳಿಗೆಲ್ಲ ಹಳದಿ ಬಣ್ಣ ಬಳಿದಿದ್ದರು. ಪ್ರತಿಯೊಂದರ ಪಕ್ಕ ಒಂದೇ ಮಾತು: ದಾಖಲೆ ಕೊಡಿ. ಸೊನ್ನೆಗೆ ದಾಖಲೆ ಎಲ್ಲಿಂದ ತರುವುದು?

ಆಮೇಲೆ ಸರಿಯಾಗಿ ಕಲಿತೆ. ಕಾರವಾರದಿಂದ ಭಟ್ಕಳದವರೆಗಿನ ಮೀನಿನ ಘಟಕಗಳು, ಕುಮಟಾ ಕಡೆಯ ಗೇರುಬೀಜದ ಕಾರ್ಖಾನೆಗಳು, ಶಿರಸಿಯ ಅಡಿಕೆ ವಹಿವಾಟು, ಎಲ್ಲರಿಗೂ ಇವತ್ತಲ್ಲ ನಾಳೆ ಇಂಥ ಫಾರ್ಮ್ ಬರುತ್ತದೆ. ತುಂಬುವುದು ಹೇಗೆ, ತುಂಬಿದರೆ ನಮ್ಮ ವ್ಯಾಪಾರಕ್ಕೆ ನಿಜಕ್ಕೂ ಏನಾದರೂ ಸಿಗುತ್ತದಾ, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಫಾರ್ಮ್ ಹುಟ್ಟಿದ್ದು ಎಲ್ಲಿ

ಮೂಲ ಶೇರು ಪೇಟೆಯನ್ನು ನಿಯಂತ್ರಿಸುವ ಸೆಬಿಯದು. ಶೇರು ಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1,000 ಕಂಪನಿಗಳು ವಾರ್ಷಿಕ ವರದಿಯ ಜೊತೆ ಬಿಆರ್‌ಎಸ್‌ಆರ್ ಅನ್ನುವ ವರದಿ ಕೊಡಬೇಕು. ಉದ್ಯಮದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಅಂತ ಅರ್ಥ. 2021ರ ಮೇ ತಿಂಗಳಲ್ಲಿ ಆದೇಶ ಬಂತು. 2022-23ರಿಂದ ಕಡ್ಡಾಯ. ಇದರಲ್ಲಿ ಮೂರು ಭಾಗ. ಮೊದಲನೆಯದು ಕಂಪನಿಯ ಪರಿಚಯ, ಎರಡನೆಯದು ಆಡಳಿತ ಮತ್ತು ನೀತಿ. ಮೂರನೆಯದು ಒಂಬತ್ತು ತತ್ವಗಳಡಿ ಅಂಕಿ-ಅಂಶ.

2023ರ ಜುಲೈಯಲ್ಲಿ ಸೆಬಿ ಇನ್ನೊಂದು ಹೆಜ್ಜೆ ಇಟ್ಟಿತು. ಆ ದೊಡ್ಡ ವರದಿಯಿಂದ ಒಂಬತ್ತು ವಿಷಯಗಳ ಮುಖ್ಯ ಅಂಕಿಗಳನ್ನು ಬೇರೆ ತೆಗೆದು 'ಬಿಆರ್‌ಎಸ್‌ಆರ್ ಕೋರ್' ಮಾಡಿತು. ಅವನ್ನು ಹೊರಗಿನವರು ಪರಿಶೀಲಿಸಿ ಸಹಿ ಹಾಕಬೇಕು. 2023-24ರಲ್ಲಿ ಮೊದಲ 150 ಕಂಪನಿಗಳಿಂದ ಶುರುವಾಗಿ 2026-27ಕ್ಕೆ 1,000 ಕಂಪನಿಗಳನ್ನು ಮುಟ್ಟುವ ಹಾಗೆ ಮೆಟ್ಟಿಲು ಹಾಕಿದೆ.

ನಮಗೆ ತಾಗುವುದು ಇದರ ಬಾಲ. ಮೊದಲ 250 ಕಂಪನಿಗಳು ತಮಗೆ ಸರಕು ಕೊಡುವವರ, ತಮ್ಮಿಂದ ಕೊಳ್ಳುವವರ ಲೆಕ್ಕವನ್ನೂ ಹೇಳಬೇಕು ಅಂತ ಸೆಬಿ ಬಯಸಿತು. ಯಾರೆಲ್ಲ ಅಂದರೆ, ಖರೀದಿ ಅಥವಾ ಮಾರಾಟದಲ್ಲಿ ಒಬ್ಬೊಬ್ಬರೇ ಶೇ. 2 ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು. 2024-25ರಿಂದ ಅಂದಿದ್ದನ್ನು ಆಮೇಲೆ ಒಂದು ವರ್ಷ ಮುಂದೂಡಿ, ಸ್ವಂತ ಇಚ್ಛೆಗೆ ಬಿಟ್ಟರು. ಅಂದರೆ ಈ ಫಾರ್ಮ್ ತುಂಬಲೇಬೇಕು ಅಂತ ಸೆಬಿ ನಿಮಗೆ ಹೇಳಿಲ್ಲ. ಹೇಳುತ್ತಿರುವುದು ನಿಮ್ಮ ಗಿರಾಕಿ. ಯಾವುದು ಜಾಸ್ತಿ ಬಿಸಿ ಅಂತ ವ್ಯಾಪಾರ ಮಾಡುವವರಿಗೆ ಗೊತ್ತೇ ಇದೆ.

ಒಂದು ಗೊಂದಲ ಈಗಲೇ ತೀರಿಸಿಬಿಡೋಣ. ಇದು ಸಿಎಸ್‌ಆರ್ ಅಲ್ಲ. ಅದು ಲಾಭದ ಶೇ. 2 ಭಾಗ ಸಮಾಜಕ್ಕೆ ಖರ್ಚು ಮಾಡುವ ಕಾನೂನು, ದೊಡ್ಡ ಕಂಪನಿಗಳಿಗೆ ಮಾತ್ರ. ಶಾಲೆಗೆ ಬೆಂಚು ಕೊಟ್ಟ ಫೋಟೋ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಲಾಭ ಬಂದಮೇಲೆ ಏನು ಕೊಟ್ಟಿರಿ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಆ ಲಾಭ ಮಾಡಿದ್ದು ಹೇಗೆ ಅಂತ ಕೇಳುತ್ತಾರೆ.

ಇದರಿಂದ ಲಾಭ ಇದೆಯಾ?

ಇದೆ ಅಂತ ಒಂದೇ ಉಸಿರಿಗೆ ಹೇಳುವವರನ್ನು ನಂಬಬೇಡಿ. 2015ರಲ್ಲಿ ಫ್ರೀಡೆ, ಬುಷ್, ಬಾಸೆನ್ ಅನ್ನುವ ಮೂವರು ಸಂಶೋಧಕರು ಈ ವಿಷಯದ ಮೇಲಿನ 2,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಪರಿಸರ, ಸಮಾಜ, ಆಡಳಿತ ಚೆನ್ನಾಗಿರುವುದಕ್ಕೂ ಹಣಕಾಸಿನ ಸಾಧನೆಗೂ ಕೆಟ್ಟ ನಂಟು ಇಲ್ಲ ಅಂತ ಸುಮಾರು ಶೇ. 90 ಅಧ್ಯಯನಗಳು ಹೇಳಿದ್ದವು. ಅದರಲ್ಲೂ ಬಹುಪಾಲು ಒಳ್ಳೆಯ ನಂಟನ್ನೇ ಕಂಡಿದ್ದವು. ಕೇಳಲು ಚಂದ. ಆದರೆ ನಂಟು ಬೇರೆ, ಕಾರಣ ಬೇರೆ. ಕೈಯಲ್ಲಿ ಕಾಸಿರುವ ಕಂಪನಿಯೇ ಒಳ್ಳೆಯ ವರದಿ ಬರೆಸಲೂಬಹುದಲ್ವಾ? ತೋಟ ಚೆನ್ನಾಗಿರುವವರ ಮನೆಗೆ ಸುಣ್ಣ-ಬಣ್ಣ ಆಗಿರುತ್ತದೆ. ಬಣ್ಣ ಹೊಡೆಸಿದರೆ ಅಡಿಕೆ ಜಾಸ್ತಿ ಬಿಡುವುದಿಲ್ಲ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು 2016ರ ಇನ್ನೊಂದು ಅಧ್ಯಯನ. ಖಾನ್, ಸೆರಾಫೀಮ್, ಯೂನ್ ಎಂಬವರದು. ತಮ್ಮ ಉದ್ಯಮಕ್ಕೆ ನಿಜಕ್ಕೂ ತಾಗುವ ವಿಷಯಗಳಲ್ಲಿ ಚೆನ್ನಾಗಿದ್ದ ಅಮೆರಿಕದ ಕಂಪನಿಗಳು ಮುಂದೆ ಒಳ್ಳೆಯ ಗಳಿಕೆ ತೋರಿಸಿದವು. ತಾಗದ ವಿಷಯಗಳಲ್ಲಿ ಎಷ್ಟು ಚೆನ್ನಾಗಿದ್ದರೂ ಅಂಥ ಫಲ ಕಾಣಲಿಲ್ಲ. ಅಂದರೆ ಎಲ್ಲದರಲ್ಲೂ ಒಳ್ಳೆಯವರಾಗಲು ಹೋಗುವುದು ವ್ಯಾಪಾರದ ದೃಷ್ಟಿಯಿಂದ ಸುಮ್ನೆ ಸುಸ್ತು. ಸರಿಯಾದ ನಾಲ್ಕು ವಿಷಯ ಹಿಡಿದರೆ ಸಾಕು.

ಕಂಪನಿಗಳ ಸುಸ್ಥಿರತೆಗೆ ಅಂಕ ಹಾಕುವ ರೇಟಿಂಗ್ ಸಂಸ್ಥೆಗಳಿವೆ. ಅವುಗಳ ಅಂಕಗಳಿಗೂ ತಲೆ ಕೆಡಿಸಿಕೊಳ್ಳಬೇಡಿ. ಆರು ದೊಡ್ಡ ಸಂಸ್ಥೆಗಳ ಅಂಕಗಳನ್ನು ಹೋಲಿಸಿದ 2022ರ ಪ್ರಬಂಧವೊಂದರಲ್ಲಿ ಅವುಗಳ ನಡುವಿನ ಹೊಂದಾಣಿಕೆ ಸರಾಸರಿ 0.54 ಮಾತ್ರ. ಪೂರ್ತಿ ಒಪ್ಪಿಗೆ ಇದ್ದರೆ 1 ಇರಬೇಕಿತ್ತು. ಒಬ್ಬ ಮೇಷ್ಟ್ರು ಫಸ್ಟ್ ಕ್ಲಾಸ್ ಕೊಟ್ಟ ಹುಡುಗನನ್ನು ಇನ್ನೊಬ್ಬ ಮೇಷ್ಟ್ರು ಜಸ್ಟ್ ಪಾಸ್ ಮಾಡಿದ ಹಾಗೆ.

ನಾನು ನೋಡಿದ ಮಟ್ಟಿಗೆ, ಈ ಕೆಲಸದಲ್ಲಿ ದುಡ್ಡು ತರುವುದು ಎಣಿಕೆ. ವರದಿ ಆ ಎಣಿಕೆಯಿಂದ ಉದುರುವ ಉಪ ಉತ್ಪನ್ನ, ಮೀನು ಕತ್ತರಿಸಿದಾಗ ತಲೆ-ಬಾಲ ಉಳಿದ ಹಾಗೆ.

ಮೊದಲ ಹೆಜ್ಜೆ: ನಿಮಗೆ ತಾಗುವುದು ಯಾವುದು?

ಎಕ್ಸೆಲ್ ಮುಚ್ಚಿಡಿ. ಎಲೆಕ್ಟ್ರಿಷಿಯನ್, ಫ್ಲೋರ್ ಸೂಪರ್‌ವೈಸರ್, ಗಾಡಿ ಓಡಿಸುವವರು, ಕತ್ತರಿಸುವ ಹೆಂಗಸರಲ್ಲಿ ಹಿರಿಯರಾದ ಒಬ್ಬರು, ಇಷ್ಟು ಜನರನ್ನು ಚಹಾಕ್ಕೆ ಕೂರಿಸಿ. ಎರಡು ಪ್ರಶ್ನೆ ಕೇಳಿ. ಏನು ಕೈಕೊಟ್ಟರೆ ನಮ್ಮ ಕೆಲಸ ನಿಲ್ಲುತ್ತದೆ? ನಮ್ಮಿಂದ ಹೊರಗಿನವರಿಗೆ, ಒಳಗಿನವರಿಗೆ ಏನು ತೊಂದರೆ ಆಗುತ್ತಿದೆ?

ಅಂಕೋಲಾದ ಘಟಕದಲ್ಲಿ ಕರೆಂಟು ಅಂತ ಎಲ್ಲರೂ ಹೇಳಿದರು, ಅದು ನಿರೀಕ್ಷಿತ. ಡ್ರೈವರ್ ಮಾತ್ರ ರಸ್ತೆ ಅಂದರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಗಿದ್ದು ಯಾರಿಗೂ ಮರೆತಿಲ್ಲ. ಜೀವ ಕಳೆದುಕೊಂಡವರ ಮುಂದೆ ನಮ್ಮ ಸರಕಿನ ಮಾತು ಸಣ್ಣದು. ಆದರೂ ಫಾರ್ಮ್‌ನಲ್ಲಿ 'ಹವಾಮಾನದಿಂದ ನಿಮ್ಮ ಉದ್ಯಮಕ್ಕೆ ಇರುವ ಅಪಾಯ' ಅಂತ ಕಾಲಂ ಇದ್ದಾಗ, ಇಲ್ಲಿಯವರು ಅಲ್ಲಿ 'ಅನ್ವಯಿಸುವುದಿಲ್ಲ' ಅಂತ ಬರೆಯುವುದು ನನಗೆ ಅರ್ಥವಾಗುವುದಿಲ್ಲ. ಘಟ್ಟದ ಮಳೆ, ಒಂದೇ ಹೆದ್ದಾರಿ, ಕೆಡುವ ಸರಕು. ಇದಕ್ಕಿಂತ ಅಪಾಯ ಬೇಕಾ?

ಆಮೆಯ ವಿಷಯವೂ ಬಂತು. ನಮ್ಮ ಕರಾವಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಟ್ರಾಲ್ ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಸಾಧನ ಇಲ್ಲ ಅನ್ನುವ ಕಾರಣಕ್ಕೆ ಅಮೆರಿಕ 2019ರಲ್ಲಿ ಭಾರತದ ಕಡಲ ಸಿಗಡಿಯ ಆಮದನ್ನೇ ನಿಲ್ಲಿಸಿತು. ಕೆರೆಯಲ್ಲಿ ಸಾಕಿದ ಸಿಗಡಿಗೆ ಈ ತಡೆ ಇಲ್ಲ. ಆಮೆಯ ಪ್ರಶ್ನೆ ಪರಿಸರದ ಕಾಲಂನಲ್ಲಿದ್ದರೂ ಅದು ನಿಮ್ಮ ಮಾರಾಟದ ಪ್ರಶ್ನೆ.

ಬೇರೆ ಉದ್ಯಮಕ್ಕೆ ಪಟ್ಟಿ ಬೇರೆ. ಗೇರುಬೀಜದ ಕಾರ್ಖಾನೆಯಲ್ಲಿ ಬಾಯ್ಲರಿನ ಹೊಗೆ, ಸಿಪ್ಪೆಯ ಎಣ್ಣೆ ತಾಗಿ ಸುಡುವ ಹೆಂಗಸರ ಕೈ, ಹೊರದೇಶದಿಂದ ಬರುವ ಕಚ್ಚಾ ಬೀಜ. ಶಿರಸಿ ಕಡೆ ಕೆಂಪಡಿಕೆ ಮಾಡುವವರಿಗೆ ಬೇಯಿಸುವ ಕಟ್ಟಿಗೆ, ಒಣಗಿಸುವಾಗ ಬರುವ ಅಕಾಲದ ಮಳೆ. ನಾಲ್ಕೈದು ವಿಷಯ ಸಿಕ್ಕಿದರೆ ಸಾಕು. ಮುಂದಿನ ಕೆಲಸದ ಬಹುಪಾಲು ಸಮಯ ಅವಕ್ಕೇ ಕೊಡಿ.

ಗಡಿ ಹಾಕಿಕೊಳ್ಳಿ

ಯಾವ ಘಟಕ ಸೇರಿದೆ, ಯಾವುದು ಸೇರಿಲ್ಲ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಸ್ವಂತ ಐಸ್ ಪ್ಲಾಂಟ್ ಇದ್ದರೆ ಸೇರಿಸಿ. ಬೋಟು ನಿಮ್ಮದಲ್ಲ, ಬೈತಕೋಲದಲ್ಲೋ ತದಡಿಯಲ್ಲೋ ಹರಾಜಿನಲ್ಲಿ ಮೀನು ಹಿಡಿಯುತ್ತೀರಿ ಅಂದರೆ ಬೋಟಿನ ಡೀಸೆಲ್ ನಿಮ್ಮ ನೇರ ಲೆಕ್ಕಕ್ಕೆ ಬರುವುದಿಲ್ಲ, ಅದು ಸ್ಕೋಪ್ 3, ಅಂದರೆ ಬೇರೆಯವರು ಉರಿಸಿದ್ದು (ಮುಂದೆ ಬಿಡಿಸಿ ಹೇಳುತ್ತೇನೆ). ವರ್ಷ ಅಂದರೆ ಏಪ್ರಿಲ್‌ನಿಂದ ಮಾರ್ಚ್.

ನಮ್ಮ ಕಡೆ ಒಂದು ಹಳ್ಳ ಇದೆ, ನೋಡಿಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಮೂರು ತಿಂಗಳ ಬಿಲ್ ತೆಗೆದು ನಾಲ್ಕರಿಂದ ಗುಣಿಸಿ ವರ್ಷದ ಲೆಕ್ಕ ಕೊಟ್ಟರೆ ತಪ್ಪುತ್ತದೆ. ಹನ್ನೆರಡೂ ತಿಂಗಳ ಬಿಲ್ ಬೇಕೇ ಬೇಕು.

ಬಿಲ್ಲು, ಚೀಟಿ, ರಿಜಿಸ್ಟರ್

ಮುಕ್ಕಾಲು ಪಾಲು ಕೆಲಸ ಇಲ್ಲೇ ಇರುವುದು. ಲೆಕ್ಕದ ಪುಸ್ತಕದಲ್ಲಿ ಎಲ್ಲ ರೂಪಾಯಿಯಲ್ಲಿರುತ್ತದೆ. ಡೀಸೆಲ್ ಖರ್ಚು ಇಷ್ಟು ಲಕ್ಷ ಅಂತ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಹೇಳುತ್ತದೆ. ಎಷ್ಟು ಲೀಟರ್ ಅಂತ ಕೇಳಿದರೆ ಸುಮ್ಮನಾಗುತ್ತದೆ. ಈ ಫಾರ್ಮ್‌ಗೆ ಬೇಕಾದದ್ದು ಲೀಟರ್, ಯೂನಿಟ್, ಕಿಲೋ, ಗಂಟೆ.

ಹೆಸ್ಕಾಂ ಕರೆಂಟು ಬಿಲ್‌ನಿಂದ ತಿಂಗಳ ಯೂನಿಟ್ ಬರೆದುಕೊಳ್ಳಿ. ಹಾಗೇ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಕೆಲಸಕ್ಕೆ ಬಂತು ಅನ್ನುವ ಅಳತೆ) ಮತ್ತು ಗರಿಷ್ಠ ಬೇಡಿಕೆಯನ್ನೂ (ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಲೋಡು) ಬರೆದುಕೊಳ್ಳಿ. ಫಾರ್ಮ್‌ನಲ್ಲಿ ಅವನ್ನು ಕೇಳುವುದಿಲ್ಲ, ಆದರೆ ಮುಂದೆ ಕೆಲಸಕ್ಕೆ ಬರುತ್ತವೆ. ಜನರೇಟರಿನ ಡೀಸೆಲ್, ಗಾಡಿಯ ಡೀಸೆಲ್ ಬೇರೆ ಬೇರೆ ಕಾಲಂ. ನೀರಿಗೆ ಮೀಟರ್ ಇಲ್ಲದಿದ್ದರೆ ಪಂಪು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಒಂದು ಬ್ಯಾರೆಲ್ ತುಂಬಲು ಎಷ್ಟು ನಿಮಿಷ ಬೇಕು ಅಂತ ನೋಡಿ ಅಂದಾಜು ಹಾಕಿ. ಅಂದಾಜು ಅಂತಲೇ ಬರೆಯಿರಿ, ಮುಂದಿನ ವರ್ಷಕ್ಕೆ ಮೀಟರ್ ಕೂರಿಸಿ.

ಪೆಟ್ರೋಲ್ ಬಂಕಿನ ಚೀಟಿಯ ಬಗ್ಗೆ ಒಂದು ಮಾತು. ಅದು ಬಿಸಿ ತಾಗಿಸಿ ಅಚ್ಚು ಹಾಕುವ ಕಾಗದ. ನಮ್ಮ ಮಳೆಗಾಲದ ತೇವಕ್ಕೆ, ಗಾಡಿಯ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಅಕ್ಷರ ಮಾಸುತ್ತದೆ. ಒಂದು ವರ್ಷ ಡ್ರೈವರ್ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟ ಇಡೀ ಕಟ್ಟನ್ನು ಏಪ್ರಿಲ್‌ನಲ್ಲಿ ತಂದುಕೊಟ್ಟರು. ಬಿಚ್ಚಿದರೆ ಎಲ್ಲ ಬಿಳಿ ಹಾಳೆ. ಅಲ್ಲಲ್ಲಿ ಒಂದು ತಾರೀಕು, ಅರ್ಧ ಗಾಡಿ ನಂಬರು. ಈಗ ಚೀಟಿ ಕೈಗೆ ಬಂದ ಕೂಡಲೇ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಸಂಜೆ ಆಫೀಸಿನ ಹುಡುಗಿ ಲೀಟರ್ ಬರೆದುಕೊಳ್ಳುತ್ತಾಳೆ.

ಎಲ್ಲರೂ ಮರೆಯುವುದು ಇನ್ನೊಂದಿದೆ: ಕೋಲ್ಡ್ ಸ್ಟೋರೇಜಿಗೆ ತುಂಬಿಸಿದ ಗ್ಯಾಸ್. ಮೆಕ್ಯಾನಿಕ್ ಬಂದು ಸಿಲಿಂಡರ್ ಹಚ್ಚಿ ಹೋಗುತ್ತಾನೆ. ಬಿಲ್ ಮೇಲೆ 'ರಿಪೇರಿ' ಅಂತ ಇರುತ್ತದೆ. ಯಾವ ಗ್ಯಾಸ್, ಎಷ್ಟು ಕಿಲೋ ಅಂತ ಬರೆಸಿಕೊಳ್ಳಿ.

ಹೊಗೆಯ ಲೆಕ್ಕ

ಸ್ಕೋಪ್ 1 ಅಂದರೆ ನಿಮ್ಮ ಜಾಗದಲ್ಲಿ, ನಿಮ್ಮ ಗಾಡಿಯಲ್ಲಿ ಉರಿಸಿದ್ದು, ಸೋರಿದ್ದು. ಸ್ಕೋಪ್ 2 ಅಂದರೆ ಕೊಂಡ ಕರೆಂಟು. ಸ್ಕೋಪ್ 3 ಅಂದರೆ ಉಳಿದ ಎಲ್ಲ: ಬೋಟು, ಬೇರೆಯವರ ಲಾರಿ, ಪ್ಯಾಕಿಂಗ್. ಮೊದಲ ವರ್ಷ ಒಂದು, ಎರಡು ಮುಗಿಸಿ. ಮೂರಕ್ಕೆ ಅವಸರ ಬೇಡ.

ಲೆಕ್ಕ ಕಾಣಲಿ ಅಂತ ಸುಲಭದ ಅಂಕಿ ಇಟ್ಟುಕೊಳ್ಳೋಣ. ವರ್ಷಕ್ಕೆ 4,80,000 ಯೂನಿಟ್ ಕರೆಂಟು, 12,000 ಲೀಟರ್ ಡೀಸೆಲ್, ಕೋಲ್ಡ್ ಸ್ಟೋರೇಜಿಗೆ ತುಂಬಿಸಿದ 30 ಕಿಲೋ ಆರ್-404ಎ ಗ್ಯಾಸ್. ಮೀನು 1,500 ಟನ್, ವಹಿವಾಟು 18 ಕೋಟಿ.

ಒಂದು ಯೂನಿಟ್ ಕರೆಂಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ ಅಂಕಿ ಪ್ರಕಟಿಸುತ್ತದೆ. ಇತ್ತೀಚೆಗೆ ಅದು 0.7 ಕಿಲೋ ಆಸುಪಾಸಿನಲ್ಲಿದೆ. 4,80,000 ಯೂನಿಟ್‌ಗೆ 336 ಟನ್ ಆಯಿತು. ಒಂದು ಲೀಟರ್ ಡೀಸೆಲ್ ಸುಮಾರು 2.68 ಕಿಲೋ ಬಿಡುತ್ತದೆ. 12,000 ಲೀಟರ್‌ಗೆ 32 ಟನ್.

ಈಗ ಗ್ಯಾಸ್. ಹವಾಮಾನ ಬದಲಾವಣೆ ಅಧ್ಯಯನ ಮಾಡುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ನಾಲ್ಕು, ಐದನೇ ವರದಿಗಳ ಪ್ರಕಾರ ಆರ್-404ಎ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 3,900 ಪಟ್ಟು ಬಿಸಿ ಏರಿಸುತ್ತದೆ. ಆರನೇ ವರದಿಯ ಅಂಕಿ ಇನ್ನೂ ಜಾಸ್ತಿ. 30 ಕಿಲೋಗೆ 117 ಟನ್! ಇಡೀ ವರ್ಷ ಗಾಡಿ, ಜನರೇಟರ್ ಓಡಿಸಿದ್ದರ ಮೂರೂವರೆ ಪಟ್ಟು. ಈ ಲೆಕ್ಕ ತೋರಿಸಿದಾಗ ಮಾಲೀಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಇಷ್ಟು ವರ್ಷ ಅವರು ಗಾಡಿಯವರ ಮೇಲೆ ರೇಗುತ್ತಿದ್ದರು. ಸೋರುತ್ತಿದ್ದದ್ದು ಹಿತ್ತಲಿನ ಕಂಪ್ರೆಸರ್.

ಅಮೋನಿಯಾದಿಂದ ಓಡುವ ಐಸ್ ಪ್ಲಾಂಟ್ ಇದ್ದರೆ ಆ ಗ್ಯಾಸಿಗೆ ಇಲ್ಲಿ ಸೊನ್ನೆ ಹಾಕಬಹುದು, ಅದು ಹಸಿರುಮನೆ ಅನಿಲ ಅಲ್ಲ. ಆದರೆ ಸೋರಿದರೆ ಜೀವಕ್ಕೇ ಅಪಾಯ. ಅದನ್ನು ಸುರಕ್ಷತೆಯ ಕಾಲಂನಲ್ಲಿ ಬರೆಯಿರಿ.

ಒಟ್ಟು 485 ಟನ್. ವಹಿವಾಟಿಗೆ ಭಾಗಿಸಿದರೆ ಕೋಟಿಗೆ 27 ಟನ್. ಮೀನಿಗೆ ಭಾಗಿಸಿದರೆ ಟನ್ನಿಗೆ 323 ಕಿಲೋ. ಎರಡನ್ನೂ ಕೊಡಿ, ಆದರೆ ನೀವು ನಂಬಬೇಕಾದದ್ದು ಎರಡನೆಯದನ್ನು. ಯಾಕೆಂದರೆ ಸಿಗಡಿ ರೇಟು ಏರಿದ ವರ್ಷ ವಹಿವಾಟು ಏರುತ್ತದೆ, ಕೋಟಿಗೆ ಇಷ್ಟು ಅನ್ನುವ ಅಂಕಿ ತಾನಾಗಿ ಇಳಿಯುತ್ತದೆ. ನೀವು ಒಂದು ಬಲ್ಬು ಆರಿಸದಿದ್ದರೂ 'ಸುಧಾರಣೆ' ಕಾಣುತ್ತದೆ. ದೊಡ್ಡ ಕಂಪನಿಗಳ ವರದಿ ಓದುವಾಗಲೂ ಈ ಜಾಗದಲ್ಲಿ ಬೆರಳಿಟ್ಟು ನೋಡಿ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. "ಪಕ್ಕದಲ್ಲೇ ಕೈಗಾ ಅಣುಸ್ಥಾವರ ಇದೆ, ಮೇಲೆ ಕದ್ರಾ, ಕೊಡಸಳ್ಳಿ ಡ್ಯಾಮು ಇವೆ. ನಮ್ಮ ಕರೆಂಟು ಕಲ್ಲಿದ್ದಲಿನದಲ್ಲ. ಸೊನ್ನೆ ಹಾಕಬಾರದಾ?" ಬಾರದು. ಕರೆಂಟು ಎಲ್ಲ ಒಂದೇ ಜಾಲಕ್ಕೆ ಹೋಗುತ್ತದೆ, ಅಲ್ಲಿಂದ ಎಲ್ಲರಿಗೂ ಬರುತ್ತದೆ. ಕಾಳಿ ನದಿ ಪಕ್ಕ ಮನೆ ಇದ್ದ ಮಾತ್ರಕ್ಕೆ ನಮಗೆ ಬೇರೆ ಲೆಕ್ಕ ಇಲ್ಲ. ಸ್ವಂತ ಚಾವಣಿಯ ಸೋಲಾರ್ ಕರೆಂಟನ್ನು ನೀವೇ ಬಳಸಿದರೆ ಅಷ್ಟು ಯೂನಿಟ್ ಸೊನ್ನೆ, ಅದು ಸರಿ.

ಕಟ್ಟಿಗೆ, ಗೇರುಸಿಪ್ಪೆ ಉರಿಸುವವರಿಗೆ ಇನ್ನೊಂದು ನಿಯಮ. ಅದರ ಇಂಗಾಲದ ಡೈಆಕ್ಸೈಡನ್ನು ಒಟ್ಟಿಗೆ ಸೇರಿಸದೆ ಬೇರೆ ಸಾಲಿನಲ್ಲಿ ತೋರಿಸಬೇಕು. ಉರಿಯುವಾಗ ಹೊರಡುವ ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಸ್ಕೋಪ್ 1ಕ್ಕೆ ಸೇರುತ್ತವೆ. ಇನ್ನು ಶಕ್ತಿಯ ಕಾಲಂನಲ್ಲಿ ಜೂಲ್ ಕೇಳುತ್ತಾರೆ. 1,000 ಯೂನಿಟ್ ಅಂದರೆ 3.6 ಗಿಗಾಜೂಲ್. ಗುಣಿಸಿದರೆ ಆಯಿತು.

ಜನರ ಲೆಕ್ಕ

ಹೊಗೆಗಿಂತ ಇದು ಕಷ್ಟ. ಅಂಕಿ ಸಿಗುವುದಿಲ್ಲ ಅಂತಲ್ಲ, ಹೇಳಲು ಮುಜುಗರ.

ಮೊದಲನೆಯದು ಗಾಯ. ಕೆಲಸಕ್ಕೆ ಬರಲಾಗದಷ್ಟು ಗಾಯ ಎಷ್ಟು ಆಯಿತು ಅಂತ ಎಣಿಸಿ, 10 ಲಕ್ಷದಿಂದ ಗುಣಿಸಿ, ಎಲ್ಲರೂ ದುಡಿದ ಒಟ್ಟು ಗಂಟೆಯಿಂದ ಭಾಗಿಸಿ. 60 ಜನ, 300 ದಿನ, 8 ಗಂಟೆ ಅಂದರೆ 1,44,000 ಗಂಟೆ. ಒಂದೇ ಗಾಯ ಆಗಿದ್ದರೂ 6.9 ಬರುತ್ತದೆ. ಅಂಕಿ ದೊಡ್ಡದಾಗಿ ಕಂಡಿತು ಅಂತ ಹೆದರಿ ಸೊನ್ನೆ ಬರೆಯಬೇಡಿ. ಚೂರಿ ಹಿಡಿದು ದಿನವಿಡೀ ಮೀನು ಕತ್ತರಿಸುವ ಜಾಗದಲ್ಲಿ ವರ್ಷವಿಡೀ ಸೊನ್ನೆ ಅಂದರೆ, ಓದುವವರಿಗೆ ಮೊದಲು ಬರುವ ಅನುಮಾನ ನಿಮ್ಮ ರಿಜಿಸ್ಟರ್ ಮೇಲೆ. ಗುತ್ತಿಗೆ ಕೆಲಸದವರನ್ನೂ ಸೇರಿಸಿ. ಅವರ ಹಾಜರಿ ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ, ತಿಂಗಳ ಬಿಲ್ ಪಾಸ್ ಮಾಡುವ ಮೊದಲು ಅದರ ಪ್ರತಿ ಕೇಳಿ.

ಎರಡನೆಯದು ಹೆಂಗಸರ ಕೂಲಿ. ಕೋರ್ ಪಟ್ಟಿಯಲ್ಲಿ ಎಷ್ಟು ಹೆಂಗಸರಿದ್ದಾರೆ ಅಂತ ತಲೆ ಎಣಿಸಿ ಬಿಡುವುದಿಲ್ಲ. ಒಟ್ಟು ಸಂಬಳದಲ್ಲಿ ಹೆಂಗಸರಿಗೆ ಹೋದದ್ದು ಶೇಕಡಾ ಎಷ್ಟು ಅಂತ ಕೇಳುತ್ತಾರೆ. 60ರಲ್ಲಿ 38 ಹೆಂಗಸರು ಅಂದರೆ ಶೇ. 63. ಸಂಬಳದ ಪಾಲು ನೋಡಿದರೆ ಶೇ. 44 ಬಂತು ಅನ್ನಿ. ನಡುವಿನ ಆ ಅಂತರವೇ ಮಾತಾಡುತ್ತದೆ. ಯಾಕೆ ಅಂತ ಮಾಲೀಕರೇ ಯೋಚಿಸಬೇಕು. ಸೂಪರ್‌ವೈಸರ್ ಎಲ್ಲ ಗಂಡಸರೇ ಯಾಕೆ?

10 ಅಥವಾ ಹೆಚ್ಚು ಜನ ಇರುವಲ್ಲಿ ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾನೂನು ಹೇಳುತ್ತದೆ. ಇದು ಗಿರಾಕಿ ಕೇಳಲಿ ಬಿಡಲಿ, ಇರಲೇಬೇಕು. ಸಮಿತಿಯೇ ಇಲ್ಲದೆ 'ದೂರು: ಸೊನ್ನೆ' ಅಂತ ಬರೆಯುವುದಕ್ಕೆ ಅರ್ಥ ಇಲ್ಲ.

ನೀರು, ತ್ಯಾಜ್ಯ

ಇಲ್ಲಿ ಒಂದೇ ಎಚ್ಚರ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿ ದಿನಕ್ಕೆ ಎಷ್ಟು ನೀರು, ಎಷ್ಟು ಕೊಳೆನೀರು ಅಂತ ಇರುತ್ತದೆ. ಫಾರ್ಮ್‌ನ ಅಂಕಿ ಅದಕ್ಕೆ ತಾಳೆ ಆಗಬೇಕು. ಆಗದಿದ್ದರೆ ಫಾರ್ಮ್ ತಿದ್ದುವ ಬದಲು ಒಪ್ಪಿಗೆ ಪತ್ರ ನವೀಕರಿಸುವ ದಾರಿ ನೋಡಿ. ಮೀನಿನ ತಲೆ, ಚಿಪ್ಪು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತಿದ್ದರೆ ತೂಕದ ಚೀಟಿ ಇಟ್ಟುಕೊಳ್ಳಿ, ಅದು ಮರುಬಳಕೆಯ ಕಾಲಂಗೆ ಹೋಗುತ್ತದೆ.

ಅಂಕಿಯಿಂದ ಲಾಭ ತೆಗೆಯುವುದು

ಮೇಲಿನ ಘಟಕದಲ್ಲಿ ಕಂಪ್ರೆಸರಿನ ಸೋರಿಕೆ ನಿಲ್ಲಿಸಿ, ಕೋಲ್ಡ್ ರೂಮಿನ ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಹಾಕಿ, ಹರಿದ ರಬ್ಬರು ಪಟ್ಟಿ ಬದಲಿಸಿದರೆ ಕರೆಂಟು ಶೇ. 8 ಇಳಿಯಿತು ಅಂದುಕೊಳ್ಳಿ. 38,400 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 3,07,200 ರೂಪಾಯಿ. ಸಣ್ಣ ಮೊತ್ತ ಅನ್ನಿಸಬಹುದು. ಆದರೆ ಶೇ. 2 ಲಾಭದ ಮೇಲೆ ನಡೆಯುವ ವ್ಯಾಪಾರದಲ್ಲಿ ಇಷ್ಟೇ ಲಾಭಕ್ಕೆ ಇನ್ನೂ ಒಂದೂವರೆ ಕೋಟಿಯ ಮೀನು ಮಾರಬೇಕು. ಆ ಒಂದೂವರೆ ಕೋಟಿಗೆ ಬಂಡವಾಳ, ಬಡ್ಡಿ, ಲಾರಿ, ಬಾಕಿ ವಸೂಲಿ, ಎಲ್ಲ ಬೇಕು. ಇದಕ್ಕೆ ಬೇಕಾದದ್ದು ಒಂದು ರಬ್ಬರು ಪಟ್ಟಿ, ಒಬ್ಬ ಒಳ್ಳೆಯ ಮೆಕ್ಯಾನಿಕ್.

ಆಗಲೇ ಬರೆದಿಟ್ಟ ಪವರ್ ಫ್ಯಾಕ್ಟರ್, ಗರಿಷ್ಠ ಬೇಡಿಕೆ ಈಗ ಹೊರಗೆ ತೆಗೆಯಿರಿ. ಪವರ್ ಫ್ಯಾಕ್ಟರ್ ಕಡಿಮೆ ಇದ್ದರೆ ದಂಡ ಬೀಳುತ್ತಿದೆಯಾ ನೋಡಿ. ಒಪ್ಪಂದದ ಲೋಡು ಬಳಕೆಗಿಂತ ತುಂಬಾ ಮೇಲಿದೆಯಾ ನೋಡಿ. ಮೀನುಗಾರಿಕೆ ಬಂದ್ ಇರುವ ಎರಡು ತಿಂಗಳೂ ಆ ಲೋಡಿನ ಶುಲ್ಕ ಬರುತ್ತಲೇ ಇರುತ್ತದೆ.

ಎರಡನೇ ದಾರಿ ಗಿರಾಕಿಯದು. ಇದು ಒಂದೇ ಕಡೆಯ ಬೀದಿಯಲ್ಲ, ನಮ್ಮವರಿಗೆ ಇದೇ ಗೊತ್ತಿರುವುದಿಲ್ಲ. ದೊಡ್ಡ ಕಂಪನಿ ತನ್ನ ಕೋರ್ ವರದಿಯಲ್ಲಿ ಎರಡು ಅಂಕಿ ಕೊಡಬೇಕು: ಸಣ್ಣ ಉದ್ಯಮಗಳಿಂದ ಶೇಕಡಾ ಎಷ್ಟು ಕೊಂಡಿತು, ಸರಕು ಕೊಟ್ಟವರಿಗೆ ಸರಾಸರಿ ಎಷ್ಟು ದಿನಕ್ಕೆ ದುಡ್ಡು ಕೊಟ್ಟಿತು. ಸಣ್ಣ ಉದ್ಯಮ ಅಂತ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇಟ್ಟುಕೊಂಡರೆ ಅವರ ಮೊದಲ ಅಂಕಿಗೆ ನೀವು ಬೇಕಾದವರು. ಎರಡನೆಯದಕ್ಕೆ ಇನ್ನೂ ಬಲ ಇದೆ. ಕಿರು ಮತ್ತು ಸಣ್ಣ ಉದ್ಯಮಕ್ಕೆ ಗರಿಷ್ಠ 45 ದಿನದೊಳಗೆ ಕೊಡದ ಬಾಕಿಯನ್ನು ಆ ವರ್ಷದ ಖರ್ಚಾಗಿ ತೋರಿಸಲು ಆಗದಂತೆ 2023-24ರ ಲೆಕ್ಕದಿಂದ ಆದಾಯ ತೆರಿಗೆ ಕಾನೂನು ಬಿಗಿಯಾಗಿದೆ. ಅವರು ನಿಮ್ಮ ಡೀಸೆಲ್ ಲೆಕ್ಕ ಕೇಳುವಾಗ ನೀವು ನಗುತ್ತಾ ನಿಮ್ಮ ಬಾಕಿಯ ದಿನ ಕೇಳಬಹುದು. ನಾವು ಕೇಳಿದೆವು. ಮುಂದಿನ ತ್ರೈಮಾಸಿಕದಲ್ಲಿ ಹಣ ಸ್ವಲ್ಪ ಬೇಗ ಬಂತು. ಕೇಳಿದ್ದರಿಂದಲೇ ಬಂತು ಅಂತ ಆಣೆ ಮಾಡಲಾರೆ.

ಮೂರನೆಯದು ಬ್ಯಾಂಕು. ಫಾರ್ಮ್ ತುಂಬಿದಿರಿ ಅಂತ ಬಡ್ಡಿ ಇಳಿಯುವುದಿಲ್ಲ. ಆದರೆ ಹೊಸ ಕಂಪ್ರೆಸರಿಗೋ ಸೋಲಾರಿಗೋ ಸಾಲ ಕೇಳಲು ಹೋದಾಗ ಹನ್ನೆರಡು ತಿಂಗಳ ಯೂನಿಟ್ ಲೆಕ್ಕ ಕೈಯಲ್ಲಿದ್ದರೆ ಎಷ್ಟು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತದೆ ಅಂತ ಮೇಜಿನ ಮೇಲೇ ತೋರಿಸಬಹುದು.

ಬರೆಯುವುದು ಹೇಗೆ

'ನಮ್ಮ ಸಂಸ್ಥೆ ಪರಿಸರ ಸಂರಕ್ಷಣೆಗೆ ಸದಾ ಬದ್ಧವಾಗಿದೆ' ಅಂತ ಬರೆದರೆ ಯಾರೂ ಓದುವುದಿಲ್ಲ. ಹೀಗೆ ಬರೆಯಿರಿ: 'ಈ ವರ್ಷ 30 ಕಿಲೋ ಆರ್-404ಎ ತುಂಬಿಸಿದ್ದೇವೆ. ಎರಡನೇ ಕಂಪ್ರೆಸರಿನ ಪೈಪಿನಲ್ಲಿ ಸೋರಿಕೆ ಸಿಕ್ಕಿದೆ. ಬೋಟುಗಳು ನಿಂತ ಜೂನ್‌ನಲ್ಲಿ ಬದಲಿಸುತ್ತೇವೆ. ಬೋರ್‌ವೆಲ್ ನೀರಿನ ಅಂಕಿ ಅಂದಾಜು, ಪಂಪು ಓಡಿದ ಗಂಟೆಯಿಂದ ಲೆಕ್ಕ ಹಾಕಿದ್ದು.' ನಾಲ್ಕು ಸಾಲು. ನಂಬಿಕೆ ಹುಟ್ಟಿಸುವುದು ಎರಡನೇ ಸಾಲು.

ಪ್ಯಾಕೆಟ್ ಮೇಲೆ 'ಪರಿಸರಸ್ನೇಹಿ', 'ಹಸಿರು' ಅಂತ ಅಚ್ಚು ಹಾಕಿಸುವ ಆಸೆ ಇದ್ದರೆ ತಡೆಯಿರಿ. ಪುರಾವೆ ಇಲ್ಲದ ಇಂಥ ಮಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ.

ಕಳಿಸುವ ಮುಂಚೆ ಒಂದು ಪರೀಕ್ಷೆ. ಲೆಕ್ಕ ಮಾಡದ ಒಬ್ಬರನ್ನು ಕರೆದು ಯಾವುದಾದರೂ ಒಂದು ಅಂಕಿಯ ಮೇಲೆ ಬೆರಳಿಡಲು ಹೇಳಿ. ಹತ್ತು ನಿಮಿಷದೊಳಗೆ ಆ ಅಂಕಿಯ ಮೂಲ ಬಿಲ್ ನಿಮ್ಮ ಕೈಗೆ ಬರಬೇಕು. ಐದು ಅಂಕಿಗೆ ಹೀಗೆ ಮಾಡಿ. ಹೊರಗಿನ ಪರಿಶೀಲಕರು ಬಂದರೆ ಹೆಚ್ಚುಕಡಿಮೆ ಇದನ್ನೇ ಮಾಡುವುದು. ಯಾವ ಅಂಕಿಗೆ ಯಾವ ಗುಣಕ (ಯೂನಿಟ್ಟಿಗೆ 0.7 ಕಿಲೋ, ಲೀಟರಿಗೆ 2.68 ಕಿಲೋ ಥರದ್ದು) ಬಳಸಿದಿರಿ, ಯಾವ ವರ್ಷದ್ದು ಅಂತ ಕೊನೆಯ ಹಾಳೆಯಲ್ಲಿ ಬರೆದಿಡಿ. ಮುಂದಿನ ವರ್ಷ ಗುಣಕ ಬದಲಾದರೆ ಹಳೆಯ ವರ್ಷದ್ದನ್ನೂ ಹೊಸದರಲ್ಲಿ ಮತ್ತೊಮ್ಮೆ ಹಾಕಿ ನೋಡಿ. ಇಲ್ಲದಿದ್ದರೆ ಇಳಿದದ್ದು ನಿಮ್ಮ ಹೊಗೆಯೋ ಸರ್ಕಾರದ ಗುಣಕವೋ ತಿಳಿಯುವುದಿಲ್ಲ.

ಇದಕ್ಕೆಲ್ಲ ಸಮಯ ಯಾವಾಗ ಅಂದರೆ ಜೂನ್, ಜುಲೈ. ಫ್ಲೋರ್ ಖಾಲಿ, ಮೆಕ್ಯಾನಿಕ್ ಸಿಗುತ್ತಾನೆ, ನೀರಿನ ಮೀಟರ್ ಕೂರಿಸಲು ಪೈಪ್ ಬಿಚ್ಚಿದರೂ ಯಾರ ಕೆಲಸವೂ ನಿಲ್ಲುವುದಿಲ್ಲ. ಅಂಕೋಲಾದವರು ಕಳೆದ ಮಳೆಗಾಲದಲ್ಲಿ ಒಂದು ಉದ್ದನೆ ರಿಜಿಸ್ಟರ್ ತಂದು, ಕಾಲಂ ಗೆರೆ ಹಾಕಿಸಿ, ಕಂಪ್ರೆಸರ್ ರೂಮಿನ ಬಾಗಿಲಿಗೆ ದಾರ ಕಟ್ಟಿ ನೇತುಹಾಕಿದರು. ತಾರೀಕು, ಗ್ಯಾಸ್, ಕಿಲೋ, ಮೆಕ್ಯಾನಿಕ್ ಸಹಿ. ಜನವರಿಯಲ್ಲಿ ಹೋದಾಗ ನೋಡಿದೆ. ಆಗಸ್ಟ್‌ನಲ್ಲಿ ಒಂದು ನಮೂದು, ಆಮೇಲೆ ಖಾಲಿ. "ಬರೆಯೋದು ಮರೆತಿರಾ?" ಅಂದೆ. "ಇಲ್ಲಪ್ಪ," ಅಂದರು ಅವರು, "ತುಂಬಿಸಿಯೇ ಇಲ್ಲ."